ಕಲ್ನಾರು ಧೂಳಿನ ಕಾಯಿಲೆ: ಪರಿಹಾರಕ್ಕೆ ಅರ್ಜಿ ಹಾಕುವ ಮುಂಚೆ ಯಾವ ಕಾಗದ, ಯಾವ ಸಾಕ್ಷಿ ಕೂಡಿಹಾಕಬೇಕು?

ತೆಂಗಿನತೋಟ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ 1986ರಿಂದ 2012ರವರೆಗೆ ಕಲ್ನಾರು (ಆಸ್ಬೆಸ್ಟಸ್) ಬೆರೆಸಿದ ಸಿಮೆಂಟ್ ಶೀಟ್ ಮತ್ತು ಪೈಪ್ ಮಾಡುವ ಒಂದು ಕಾರ್ಖಾನೆಯಲ್ಲಿ ದುಡಿದವರು. ಮೊದಲ ಐದು ವರ್ಷ ಗುತ್ತಿಗೆದಾರನ ಕೈಕೆಳಗೆ ಇದ್ದರು. 1991ರಲ್ಲಿ ಕಾಯಂ ಆಯಿತು. 2012ರಲ್ಲಿ ವಿಆರ್‌ಎಸ್ ತೆಗೆದುಕೊಂಡು ತಿಪಟೂರು ಹತ್ತಿರದ ನಮ್ಮ ಊರಿಗೆ ಬಂದರು. ಈಗ ಅವರಿಗೆ 67 ವರ್ಷ.

ಮೂರ್ನಾಲ್ಕು ವರ್ಷದಿಂದ ಒಣ ಕೆಮ್ಮು, ಏದುಸಿರು. ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಾರೆ. ಮೊದಲು ತೋರಿಸಿದ ಕಡೆ ಟಿಬಿ ಅಂತ ಆರು ತಿಂಗಳು ಮಾತ್ರೆ ಕೊಟ್ಟರು. ಕಫದಲ್ಲಿ ಒಂದು ಸಲವೂ ಟಿಬಿ ಸಿಕ್ಕಿರಲಿಲ್ಲ. ಈಗ ಬೆಂಗಳೂರಿನಲ್ಲಿ ಎಚ್‌ಆರ್‌ಸಿಟಿ (ಎದೆಯ ಸೂಕ್ಷ್ಮ ಸಿಟಿ ಸ್ಕ್ಯಾನ್) ಮಾಡಿಸಿದೆವು. ಎರಡೂ ಶ್ವಾಸಕೋಶದ ಕೆಳಭಾಗ ನಾರುಗಟ್ಟಿದೆ, ಹೊರಪೊರೆಯ ಮೇಲೆ ಸುಣ್ಣಗಟ್ಟಿದ ಮಚ್ಚೆಗಳಿವೆ ಅಂತ ವರದಿ ಬಂತು. ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದೇ "ನೀವು ಎಲ್ಲಿ ಕೆಲಸ ಮಾಡ್ತಿದ್ರಿ?" ಅಂತ. ಅಲ್ಲಿವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ನಮ್ಮ ಹತ್ತಿರ ಇರೋದು ಇಷ್ಟು: ಹರಿದ ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡು, ಕೆಲವು ವರ್ಷದ ಪಿಎಫ್ ಚೀಟಿ, ಪಿಂಚಣಿ ಆದೇಶ, ಗ್ರಾಚ್ಯುಟಿ ಕೊಟ್ಟ ಪತ್ರ, ಯೂನಿಯನ್ ಸಭೆಯ ಒಂದು ಫೋಟೋ. ಗುತ್ತಿಗೆಯ ಐದು ವರ್ಷಕ್ಕೆ ಏನೂ ಇಲ್ಲ. ಕಾರ್ಖಾನೆ ಈಗ ಬೇರೆಯವರ ಕೈಗೆ ಹೋಗಿದೆ, ಹೆಸರೂ ಬದಲಾಗಿದೆ. ಊರಿಗೆ ಒಬ್ಬರು ಬಂದು "ಎಲ್ಲಾ ಮೂಲ ಕಾಗದ ಕೊಡಿ, ಪರಿಹಾರ ಕೊಡಿಸ್ತೀನಿ, ಬಂದದ್ದರಲ್ಲಿ ಮೂರನೇ ಒಂದು ಪಾಲು ನನಗೆ" ಅಂದಿದ್ದಾರೆ. ಅಪ್ಪ ಕೊಟ್ಟುಬಿಡೋಣ ಅಂತಿದ್ದಾರೆ. ಏನು ಮಾಡಲಿ?

ಹಳೇ ಗುಮಾಸ್ತ

ತಂಗಿ, ಮೂಲ ಕಾಗದ ಯಾರ ಕೈಗೂ ಕೊಡಬೇಡಿ. ವಕೀಲರಿಗೂ ಬೇಡ. ಅವರಿಗೆ ಬೇಕಾದ್ದು ನಕಲು. ಮೂಲವನ್ನು ನೀವೇ ಹಿಡಿದುಕೊಂಡು ಹೋಗಿ ವಿಚಾರಣೆ ದಿನ ತೋರಿಸಬಹುದು. ನಾನು ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಇದ್ದವನು. ಹಾಜರಿ, ಪಿಎಫ್, ಇಎಸ್‌ಐ ಎಲ್ಲಾ ನಮ್ಮ ಟೇಬಲ್ ಮೇಲೆ ಹಾದುಹೋಗುತ್ತಿತ್ತು. ಅದರ ಆಧಾರದ ಮೇಲೆ ಹೇಳ್ತೀನಿ.

ನಿಮ್ಮ ಹತ್ತಿರ ಏನೂ ಇಲ್ಲ ಅನ್ನೋ ಭಾವನೆ ಬಿಡಿ. ಇರೋದು ಜಾಸ್ತಿನೇ ಇದೆ. ಪಿಂಚಣಿ ಆದೇಶ ಪಿಎಫ್ ಕಚೇರಿ ಕೊಟ್ಟಿದ್ದು, ಅಂದರೆ ಸರ್ಕಾರದ ಮೊಹರು ಇರುವ ಕಾಗದ. ಗ್ರಾಚ್ಯುಟಿ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಕೊನೆಯ ಸಂಬಳ ಮೂರೂ ಇರುತ್ತೆ. ಅದನ್ನು ಕಂಪನಿಯೇ ಬರೆದುಕೊಟ್ಟಿದೆ, ಆಮೇಲೆ "ಇವರು ನಮ್ಮವರಲ್ಲ" ಅನ್ನೋಕೆ ಬರೋದಿಲ್ಲ. ಪಿಎಫ್ ಚೀಟಿಯ ಮೇಲಿರುವ ಕಾರ್ಖಾನೆಯ ಕೋಡ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೆಸರು ಎಷ್ಟು ಸಲ ಬದಲಾದರೂ ಹಳೇ ಕೋಡ್ ಹಿಡಿದು ಹುಡುಕಬಹುದು.

ಹೆಸರು ಬದಲಾದ ವಿಷಯಕ್ಕೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್ ನೋಡಿ. ಶುಲ್ಕ ಕಟ್ಟಿದರೆ ಕಂಪನಿ ಸಲ್ಲಿಸಿದ ದಾಖಲೆಗಳು ಕಾಣುತ್ತವೆ. ಹೆಸರು ಬದಲಾವಣೆ, ವಿಲೀನ ಎಲ್ಲಾ ಅಲ್ಲಿರುತ್ತೆ. ಅಪ್ಪ ಸೇರಿದ ಕಂಪನಿಯಿಂದ ಇವತ್ತಿನ ಕಂಪನಿವರೆಗೆ ಕೊಂಡಿ ತೋರಿಸೋಕೆ ಅದು ಬೇಕು.

ಈಗ ತುರ್ತಿನ ಮಾತು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಬಗ್ಗೆ ಒಂದು ತೀರ್ಪು ಕೊಟ್ಟಿತು. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹಾಕಿದ್ದ ಅರ್ಜಿ ಅದು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿವರೆಗೆ ಕಾರ್ಖಾನೆ ಕಾಪಾಡಬೇಕು ಅಂತ ಅದರಲ್ಲಿದೆ. ನಿಮ್ಮ ಅಪ್ಪನ ಲೆಕ್ಕ ಹಾಕಿ. 1986ರಿಂದ 40 ಅಂದರೆ 2026. 2012ರಿಂದ 15 ಅಂದರೆ 2027. ಕಾಯಂ ಆದ 1991ರಿಂದ ಎಣಿಸಿದರೆ 2031. ಯಾವ ಲೆಕ್ಕ ಹಿಡಿದರೂ ಈಗಲೇ ಕೇಳಬೇಕು. ಹಳೇ ರಿಜಿಸ್ಟರ್‌ಗಳನ್ನು ರದ್ದಿಗೆ ಹಾಕೋಕೆ ಯಾರೂ ನಿಮ್ಮನ್ನು ಕೇಳೋದಿಲ್ಲ.

ಲಾಯರ್ ಅಕ್ಕ

ಗುಮಾಸ್ತ ಸರ್ ಮಾತಿಗೆ ಪೂರ್ತಿ ಒಪ್ಪಿಗೆ. ನಾನು ಕಾರ್ಮಿಕ ಪ್ರಕರಣಗಳನ್ನು ನಡೆಸ್ತೀನಿ.

ಮೊದಲು ಆ ವ್ಯಕ್ತಿಯ ವಿಷಯ. ನಿಮಗೆ ಅವರ ಅಗತ್ಯವೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ. ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಎರಡನೇದು, ಯಾವ ದಾರಿ ಅನ್ನೋದು. ಅಪ್ಪ ಇಎಸ್‌ಐನಲ್ಲಿ ಇದ್ದರಾ, ಯಾವ ವರ್ಷದಿಂದ ಯಾವ ವರ್ಷದವರೆಗೆ? ಇದು ಗೊತ್ತಾಗದೆ ಅರ್ಜಿ ಹಾಕಬಾರದು. ಇಎಸ್‌ಐ ವಿಮೆ ಇದ್ದವರು ಕೆಲಸದಿಂದ ಬಂದ ಕಾಯಿಲೆಗೆ ಇಎಸ್‌ಐ ನಿಗಮದಿಂದಲೇ ಸೌಲಭ್ಯ ಪಡೆಯಬೇಕು. ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಮಾಲೀಕರ ಮೇಲೆ ಪರಿಹಾರದ ಅರ್ಜಿ ಹಾಕೋದನ್ನು ತಡೆಯುತ್ತದೆ. ಸಂಬಳ ಮಿತಿ ದಾಟಿ ಇಎಸ್‌ಐನಿಂದ ಹೊರಗೆ ಬಿದ್ದವರಿಗೆ 1923ರ ಪರಿಹಾರ ಕಾಯ್ದೆಯ ದಾರಿ. ಆ ಮಿತಿ 1997ರಲ್ಲಿ 6,500 ರೂಪಾಯಿ ಇತ್ತು, 2006ರಲ್ಲಿ 10,000, 2010ರಲ್ಲಿ 15,000. ಸಂಬಳ ಪರಿಷ್ಕರಣೆ ಆದ ಕಾರ್ಖಾನೆಗಳಲ್ಲಿ ಎಷ್ಟೋ ಜನ ನಡುವೆ ಹೊರಗೆ ಹೋಗಿ, ಮಿತಿ ಏರಿದಾಗ ಮತ್ತೆ ಒಳಗೆ ಬಂದಿದ್ದಾರೆ. ಅದಕ್ಕೇ ಸಂಬಳದ ಚೀಟಿಗಳು ಬೇಕು. ಇಎಸ್‌ಐ ವಂತಿಗೆ ಕಡಿತ ಯಾವ ತಿಂಗಳು ನಿಂತಿತು ಅನ್ನೋದು ಅದರಲ್ಲಿ ಕಾಣುತ್ತೆ.

ಆಸ್ಬೆಸ್ಟೋಸಿಸ್, ಅಂದರೆ ಕಲ್ನಾರು ಧೂಳಿನಿಂದ ಶ್ವಾಸಕೋಶ ನಾರುಗಟ್ಟುವ ಕಾಯಿಲೆ, ಎರಡೂ ಕಾಯ್ದೆಗಳ ವೃತ್ತಿರೋಗ ಪಟ್ಟಿಯಲ್ಲಿದೆ. ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮಾ (ಹೊರಪೊರೆಯ ಕ್ಯಾನ್ಸರ್) ಕೂಡ ಇವೆ. ಆದ್ದರಿಂದ "ಈ ಕಾಯಿಲೆ ಕೆಲಸದಿಂದ ಬರಬಹುದಾ" ಅಂತ ವಾದ ಮಾಡುವ ಅಗತ್ಯ ಇಲ್ಲ. "ಇವರಿಗೆ ಈ ಕಾಯಿಲೆ ಇದೆ, ಇವರು ಆ ಧೂಳಿನಲ್ಲಿ ಇದ್ದರು" ಅನ್ನೋ ಎರಡನ್ನು ತೋರಿಸಬೇಕು. 2025ರ ನವೆಂಬರ್ 21ರಿಂದ ಈ ಕಾಯ್ದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ರೋಗಗಳ ಪಟ್ಟಿ ಅದರಲ್ಲೂ ಇದೆ. ಹಳೇ ಕಾಯ್ದೆಯಡಿ ಹಾಕಬೇಕಾ ಹೊಸದರಡಿಯಾ ಅನ್ನೋದನ್ನು ನಿಮ್ಮ ವಕೀಲರು ದಿನಾಂಕ ನೋಡಿ ತೀರ್ಮಾನಿಸಲಿ. ಸಾಕ್ಷ್ಯ ಮಾತ್ರ ಎರಡಕ್ಕೂ ಒಂದೇ.

ಈಗ ಎಲ್ಲಕ್ಕಿಂತ ಕಷ್ಟದ ಭಾಗ, ಕಾಲಮಿತಿ. 1923ರ ಕಾಯ್ದೆಯಲ್ಲಿ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಕೆಲಸ ಬಿಟ್ಟ ಎರಡು ವರ್ಷದೊಳಗೆ ವೃತ್ತಿರೋಗದ ಲಕ್ಷಣ ಕಂಡರೆ, ಲಕ್ಷಣ ಪತ್ತೆಯಾದ ದಿನವೇ ಅಪಘಾತದ ದಿನ ಅನ್ನೋ ಮಾತೂ ಇದೆ. ಆದರೆ ಕಲ್ನಾರು ಕಾಯಿಲೆ ಕಾಣಿಸಿಕೊಳ್ಳೋಕೆ ಹತ್ತಾರು ವರ್ಷ ಬೇಕು. ಕಾಯ್ದೆಯ ಈ ಅಳತೆ ಕಾರ್ಮಿಕನ ಮೈಗೆ ಹೊಂದೋದೇ ಇಲ್ಲ. ಇದು ದೊಡ್ಡ ಅನ್ಯಾಯ ಅಂತ ನನಗೆ ಪ್ರತಿ ಪ್ರಕರಣದಲ್ಲೂ ಅನಿಸುತ್ತೆ. ಎದುರು ಕಡೆಯ ವಕೀಲರು ಮೊದಲು ಹಿಡಿಯೋದೂ ಇದನ್ನೇ. ನಮಗಿರುವ ಬಾಗಿಲು ಒಂದು: ತಡವಾಗಿದ್ದಕ್ಕೆ ತಕ್ಕ ಕಾರಣ ಇದ್ದರೆ, ಪರಿಹಾರದ ಅರ್ಜಿ ವಿಚಾರಿಸುವ ಕಮಿಷನರ್ ಅದನ್ನು ತೆಗೆದುಕೊಳ್ಳಬಹುದು. ಹಾಗಾಗಿ "ಇದು ಕಲ್ನಾರಿನ ಕಾಯಿಲೆ" ಅಂತ ನಿಮಗೆ ಮೊದಲು ತಿಳಿದ ದಿನ ಕಾಗದದ ಮೇಲೆ ಇರಲೇಬೇಕು.

ಇಲ್ಲಿ ನಿಮ್ಮ ಟಿಬಿ ಚೀಟಿಗಳು ಬಹಳ ಮುಖ್ಯ. ಎಸೆಯಬೇಡಿ! ಕಾಯಿಲೆ ಏನು ಅಂತ ಗೊತ್ತಿರಲಿಲ್ಲ, ವೈದ್ಯರೇ ಬೇರೆ ಕಾಯಿಲೆ ಅಂದಿದ್ದರು ಅನ್ನೋಕೆ ಅದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ. ಮಾತ್ರೆ ಬರೆದ ಚೀಟಿ, ಕಫ ಪರೀಕ್ಷೆಯ ನೆಗೆಟಿವ್ ವರದಿ, ಔಷಧಿ ಅಂಗಡಿ ರಸೀದಿ ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ.

ತೆಂಗಿನತೋಟ

ಟಿಬಿ ಚೀಟಿಗಳನ್ನು ಅಮ್ಮ ಒಂದು ಕವರಿನಲ್ಲಿ ಇಟ್ಟಿದ್ದಾರೆ. ಅದು ಕೆಲಸಕ್ಕೆ ಬರುತ್ತೆ ಅಂತ ಅಂದುಕೊಂಡೇ ಇರಲಿಲ್ಲ. ಧನ್ಯವಾದ ಅಕ್ಕ. ಡಾಕ್ಟರ್ ಹತ್ತಿರ ಯಾವ ಥರದ ಪತ್ರ ಕೇಳಬೇಕು? ಡಿಸ್ಚಾರ್ಜ್ ಸಾರಾಂಶದಲ್ಲಿ "ಐಎಲ್‌ಡಿ" ಅಂತ ಮಾತ್ರ ಇದೆ.

ಉಸಿರು

ನಾನು ಎದೆರೋಗ ವೈದ್ಯ. "ಐಎಲ್‌ಡಿ" ಅನ್ನೋದು ಶ್ವಾಸಕೋಶದ ನೂರಾರು ಕಾಯಿಲೆಗಳಿಗೆ ಒಟ್ಟಾಗಿ ಇಟ್ಟ ಹೆಸರು. ಅಷ್ಟು ಸಾಲದು. ನಿಮ್ಮ ವೈದ್ಯರಿಗೆ ಪ್ರತ್ಯೇಕ ಪತ್ರ ಬರೆದುಕೊಡಿ ಅಂತ ಕೇಳಿ. ಅದರಲ್ಲಿ ಅಪ್ಪ ಎಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಕೆಲಸ ಮಾಡಿದರು ಅನ್ನೋದು ಬರಬೇಕು. ಸಿಟಿಯಲ್ಲಿ ಕಂಡದ್ದು, ಶ್ವಾಸಕೋಶ ಪರೀಕ್ಷೆಯ ಅಂಕಿಗಳು ಬರಬೇಕು. ಬೇರೆ ಯಾವ ಕಾರಣಗಳನ್ನು ನೋಡಿ ಬಿಟ್ಟೆವು ಅನ್ನೋದೂ ಬೇಕು: ಸಂಧಿವಾತದ ರಕ್ತಪರೀಕ್ಷೆ, ಪಾರಿವಾಳದ ಸಹವಾಸ, ಕೆಲವು ಔಷಧಿಗಳು. ಕೊನೆಗೆ ವೈದ್ಯರ ಸ್ಪಷ್ಟ ಅಭಿಪ್ರಾಯ. "ಇರಬಹುದು" ಅಂತ ಬಿಟ್ಟರೆ ಎದುರು ವಕೀಲರು ಆ ಒಂದು ಪದದ ಮೇಲೆ ಅರ್ಧ ದಿನ ಕಳೆಯುತ್ತಾರೆ.

ಹೊರಪೊರೆಯ ಮೇಲಿನ ಸುಣ್ಣಗಟ್ಟಿದ ಮಚ್ಚೆಗಳು, ಅದರಲ್ಲೂ ಎರಡೂ ಕಡೆ, ವಪೆಯ ಮೇಲೆ ಇದ್ದರೆ, ಕಲ್ನಾರಿನ ಗುರುತು ಅಂತಲೇ ನಾವು ಓದುತ್ತೇವೆ. ಬೀಡಿಯಿಂದ ಅವು ಬರೋದಿಲ್ಲ. ಅಪ್ಪ ಬೀಡಿ ಸೇದುತ್ತಿದ್ದರೆ ಮುಚ್ಚಿಡಬೇಡಿ. ಹಳೇ ಚೀಟಿಯಲ್ಲಿ ಎಲ್ಲೋ ಬರೆದಿರುತ್ತೆ, ಮುಚ್ಚಿಟ್ಟರೆ ಅವರ ಉಳಿದ ಮಾತನ್ನೂ ನಂಬೋದಿಲ್ಲ.

ಸಿಟಿಯ ವರದಿ ಕಾಗದ ಮಾತ್ರ ಇಟ್ಟುಕೊಂಡರೆ ಸಾಲದು. ಚಿತ್ರಗಳ ಸಿಡಿ ಕೇಳಿ, ಅದರ ಪ್ರತಿಯನ್ನು ಪೆನ್‌ಡ್ರೈವಿನಲ್ಲೂ ಇಡಿ. ಬೇರೆ ರೇಡಿಯಾಲಜಿಸ್ಟ್ ಮತ್ತೆ ಓದಬೇಕಾಗಿ ಬರುತ್ತೆ. ಎದೆ ಎಕ್ಸ್‌ರೇಯನ್ನು ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ವರ್ಗೀಕರಣದ ಪ್ರಕಾರ ಓದಿಸಿ, ಧೂಳಿನ ಕಾಯಿಲೆಗಳಿಗೆ ಜಗತ್ತಿನಾದ್ಯಂತ ಬಳಸುವ ಅಳತೆ ಅದೇ. ಸ್ಪೈರೋಮೆಟ್ರಿ (ಊದಿಸಿ ಉಸಿರು ಅಳೆಯೋದು) ಜೊತೆಗೆ ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ಎಷ್ಟು ದಾಟುತ್ತೆ ಅನ್ನೋ ಅಳತೆ) ಮತ್ತು ಆರು ನಿಮಿಷ ನಡಿಗೆ ಪರೀಕ್ಷೆಯನ್ನೂ ಮಾಡಿಸಿ. ಎಷ್ಟು ಶೇಕಡಾ ಅಸಾಮರ್ಥ್ಯ ಅಂತ ತೀರ್ಮಾನಿಸುವಾಗ ಇವೇ ಮಾತಾಡೋದು. ಹಳೇ ಎಕ್ಸ್‌ರೇಗಳಿದ್ದರೆ, 2005ರದ್ದಾಗಲಿ 2010ರದ್ದಾಗಲಿ, ಹುಡುಕಿ. ಕಾಯಿಲೆ ನಿಧಾನಕ್ಕೆ ಬೆಳೆದದ್ದು ಅದರಲ್ಲಿ ಕಾಣಬಹುದು.

ಇನ್ನೊಂದು ಅವಸರದ ವಿಷಯ. ಆಸ್ಪತ್ರೆಗಳು ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಡಬೇಕು ಅನ್ನೋದಷ್ಟೇ 2002ರ ವೈದ್ಯಕೀಯ ಮಂಡಳಿ ನಿಯಮ. ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಟಿಬಿ ಅಂತ ಎಲ್ಲಾದರೂ ದಾಖಲು ಮಾಡಿದ್ದರೆ ಇವತ್ತೇ ಲಿಖಿತ ಅರ್ಜಿ ಕೊಟ್ಟು ಪೂರ್ತಿ ಕಡತದ ನಕಲು ತೆಗೆದುಕೊಳ್ಳಿ.

ಕಾರ್ಖಾನೆ ಕಾಯ್ದೆಯ 89ನೇ ಸೆಕ್ಷನ್ ಪ್ರಕಾರ ಆಸ್ಬೆಸ್ಟೋಸಿಸ್ ಕಂಡ ವೈದ್ಯರು ಅದನ್ನು ಕಾರ್ಖಾನೆಗಳ ಮುಖ್ಯ ಇನ್‌ಸ್ಪೆಕ್ಟರ್‌ಗೆ ತಿಳಿಸಬೇಕಿತ್ತು. ನಮ್ಮಲ್ಲಿ ಬಹಳ ಜನ ತಿಳಿಸೋದೇ ಇಲ್ಲ, ಬೇಸರದ ಸಂಗತಿ. ನಿಮ್ಮ ವೈದ್ಯರನ್ನು ವಿನಯದಿಂದ ಕೇಳಿ, ಆ ವರದಿ ಕಳಿಸಿ ನಕಲು ಕೊಡಲಿ. ಎರಡನೇ ಅಭಿಪ್ರಾಯ ಬೇಕಿದ್ದರೆ, ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ದಕ್ಷಿಣ ಕೇಂದ್ರ ದೇವನಹಳ್ಳಿ ಹತ್ತಿರ ಕನ್ನಮಂಗಲದಲ್ಲಿದೆ. ವೈದ್ಯರ ಪತ್ರದ ಜೊತೆ ಬರೆದು ಕೇಳಿ.

ಯೂನಿಯನ್ ಬಸಣ್ಣ

ತಂಗಿ, ನಾನೂ ಶೀಟ್ ಕಾರ್ಖಾನೆಯವನೇ. ಡಾಕ್ಟರೂ ವಕೀಲರೂ ಹೇಳಿದ್ದು ಸರಿ. ಆದರೆ ಕೋರ್ಟಿನಲ್ಲಿ ನಮ್ಮವರು ಸೋಲೋದು ಇನ್ನೊಂದು ಕಡೆ. "26 ವರ್ಷ ಆ ಕಾರ್ಖಾನೆಯಲ್ಲಿದ್ದೆ" ಅಂದರೆ ಸಾಲೋದಿಲ್ಲ. ಎಲ್ಲಿ ನಿಂತು ಕೆಲಸ ಮಾಡಿದಿರಿ ಅಂತ ಕೇಳ್ತಾರೆ.

ಶೀಟ್ ಮೆಷಿನ್ ಹತ್ತಿರ ಎಲ್ಲಾ ನೀರು, ಅಲ್ಲಿ ಧೂಳು ಕಡಿಮೆ. ಧೂಳು ಇರೋದು ಚೀಲ ಬಿಚ್ಚುವ ಕಡೆ, ನಾರು ಬಿಡಿಸುವ ಗಿರಣಿ ಕಡೆ. ಒಣಗಿದ ಪೈಪನ್ನು ಲೇತ್‌ಗೆ ಹಾಕಿ ತುದಿ ತಿರುಗಿಸುವ ಕಡೆ, ಶೀಟ್ ಒಣದಾಗಿ ಕೊಯ್ಯುವ ಕಡೆ, ಪಾಳಿ ಮುಗಿದ ಮೇಲೆ ಪೊರಕೆ ಹಿಡಿದು ಗುಡಿಸುವ ಕಡೆ. ಮೆಷಿನ್ ಆಪರೇಟರ್ ಅಂತ ಕಂಪನಿ ದಾಖಲೆಯಲ್ಲಿದ್ದವನು ವಾರದಲ್ಲಿ ಎರಡು ದಿನ ಚೀಲ ಬಿಚ್ಚೋಕೆ ಹೋಗಿರುತ್ತಾನೆ. ಅದು ಯಾವ ಪುಸ್ತಕದಲ್ಲೂ ಬರೆದಿರೋದಿಲ್ಲ. ಅಪ್ಪನ ಬಾಯಿಂದಲೇ ಬರಬೇಕು.

ಅಪ್ಪನ ಪಕ್ಕದಲ್ಲಿ ಕೂತು ವರ್ಷದ ಪ್ರಕಾರ ಬರೆಸಿ. ದಿನಕ್ಕೆ ಸ್ವಲ್ಪ ಸ್ವಲ್ಪ, ಅವರಿಗೆ ಉಸಿರು ಸಾಲೋದಿಲ್ಲ ಅಲ್ವಾ. ನೆನಪು ಬರೋಕೆ ಇಸವಿ ಕೇಳಬೇಡಿ. "ನಾನು ಹುಟ್ಟಿದಾಗ ಯಾವ ಶೆಡ್ಡಲ್ಲಿದ್ರಿ? ಅಜ್ಜಿ ತೀರಿಕೊಂಡಾಗ ಯಾವ ಪಾಳಿ?" ಅಂತ ಕೇಳಿ. ಆಮೇಲೆ ನೀವು ಇಸವಿ ಹೊಂದಿಸಿಕೊಳ್ಳಿ. ಚೀಲ ಸೆಣಬಿನದಾ ಪ್ಲಾಸ್ಟಿಕ್ಕಾ, ಚಾಕುವಿನಿಂದ ಕೊಯ್ದು ಕೈಯಲ್ಲಿ ಸುರಿಯುತ್ತಿದ್ದರಾ, ಚೀಲದ ಮೇಲೆ ಯಾವ ದೇಶದ ಹೆಸರಿತ್ತು. ಕೆನಡಾ, ರಷ್ಯಾ, ಜಿಂಬಾಬ್ವೆ ಅಂತ ನಮ್ಮ ಕಡೆ ಬರುತ್ತಿತ್ತು. ನಾರು ಬಿಳಿಯಾ ನೀಲಿಯಾ ಅಂತಲೂ ಕೇಳಿ, ಹಿಂದೆ ಪೈಪಿಗೆ ನೀಲಿಯನ್ನೂ ಬೆರೆಸುತ್ತಿದ್ದರು. ಮಾಸ್ಕ್ ಕೊಟ್ಟರಾ, ಯಾವ ವರ್ಷದಿಂದ. ಮೈಮೇಲಿನ ಧೂಳನ್ನು ಗಾಳಿ ಪೈಪಿನಿಂದ ಊದಿಸಿಕೊಳ್ಳುತ್ತಿದ್ದರಾ. ಬಟ್ಟೆ ಮನೆಗೆ ತರುತ್ತಿದ್ದರಾ. ಒಂದು ಹಾಳೆಯಲ್ಲಿ ಶೆಡ್ಡಿನ ನಕ್ಷೆ ಬರೆಸಿ: ಗೇಟು ಎಲ್ಲಿ, ಗೋಡೌನ್ ಎಲ್ಲಿ, ಗಿರಣಿ ಎಲ್ಲಿ, ತಾವು ನಿಲ್ಲುತ್ತಿದ್ದುದು ಎಲ್ಲಿ. ಕೈಬರಹದ ಆ ನಕ್ಷೆ ಜಡ್ಜ್ ಮುಂದೆ ಹತ್ತು ಪುಟ ಮಾತಿಗಿಂತ ಜಾಸ್ತಿ ಹೇಳುತ್ತೆ.

ಒಂದು ಎಚ್ಚರಿಕೆ. ಆಮೇಲಿನ ವರ್ಷಗಳಲ್ಲಿ ಕಾರ್ಖಾನೆಯವರು ಚೀಲ ಬಿಚ್ಚೋಕೆ ಮುಚ್ಚಿದ ಯಂತ್ರ ತಂದಿದ್ದರೆ, ಅದನ್ನೂ ಇದ್ದ ಹಾಗೇ ಬರೆಸಿ. ಎಲ್ಲಾ ವರ್ಷವೂ ಒಂದೇ ಥರ ಧೂಳಿತ್ತು ಅಂದರೆ ಪಾಟೀಸವಾಲಿನಲ್ಲಿ ಸಿಕ್ಕಿಬೀಳ್ತಾರೆ. ನಿಜ ಇದ್ದದ್ದೇ ಸಾಕಷ್ಟು ಕೆಟ್ಟದಾಗಿದೆ, ಬಣ್ಣ ಹಚ್ಚೋದು ಬೇಡ.

ಮುಲುಂಡ್ ಮಲ್ಲಪ್ಪ

ಗುತ್ತಿಗೆಯ ಐದು ವರ್ಷದ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೇನೆ. ನಮ್ಮ ಚಿಕ್ಕಪ್ಪ ಕಲಬುರಗಿ ಕಡೆಯಿಂದ ಮುಂಬೈಗೆ ಬಂದು ಬಾಯ್ಲರ್ ಪೈಪಿಗೆ ಕಲ್ನಾರು ಸುತ್ತುವ ಕೆಲಸ ಮಾಡಿದವರು. ಎಲ್ಲಾ ಗುತ್ತಿಗೆನೇ, ಸಂಬಳ ಕೈಯಲ್ಲಿ. ಕಾಗದ ಸೊನ್ನೆ ಅಂದುಕೊಂಡಿದ್ದೆವು. ಹುಡುಕಿದರೆ ಸಿಕ್ಕಿದ್ದು ನೋಡಿ: ಗೇಟ್ ಪಾಸು ಒಂದು, ಹಳೇ ಟ್ರಂಕಿನಲ್ಲಿ. ಚಿಕ್ಕಪ್ಪನ ಮಗಳ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಕೆಲಸ ಮತ್ತು ಕೆಲಸದ ಜಾಗ. ಪತ್ತಿನ ಸಹಕಾರ ಸಂಘದ ಸಾಲದ ಅರ್ಜಿ, ಅದರಲ್ಲಿ ಗುತ್ತಿಗೆದಾರ "ಸಂಬಳದಲ್ಲಿ ಹಿಡಿದು ಕೊಡ್ತೀನಿ" ಅಂತ ಸಹಿ ಹಾಕಿದ್ದ. ಊರಿಗೆ ಕಳಿಸಿದ ಮನಿಯಾರ್ಡರ್ ರಸೀದಿಗಳು, ಕಳಿಸಿದವರ ವಿಳಾಸ ಕಾರ್ಖಾನೆ ಪಕ್ಕದ ಚಾಳ್. ಒಂದೊಂದೂ ಸಣ್ಣದು. ಎಲ್ಲಾ ಸೇರಿಸಿದಾಗ ವಕೀಲರು "ಇದು ನಿಲ್ಲುತ್ತೆ" ಅಂದರು.

ಲಾಯರ್ ಅಕ್ಕ

ಮಲ್ಲಪ್ಪಣ್ಣ, ಬಹಳ ಉಪಯೋಗದ ಮಾತು. ಜೊತೆಗೆ ಕಾನೂನಿನ ಒಂದು ತುಂಡು ಸೇರಿಸ್ತೀನಿ. 1923ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಗುತ್ತಿಗೆದಾರನ ಮೂಲಕ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕನೂ ಪರಿಹಾರಕ್ಕೆ ಹೊಣೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಡಿ ಮುಖ್ಯ ಮಾಲೀಕ ನೋಂದಣಿ ಮಾಡಿಸಬೇಕಿತ್ತು, ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕಿತ್ತು. ಆ ಕಡತಗಳು ಕಾರ್ಮಿಕ ಇಲಾಖೆಯಲ್ಲಿ ಇರಬೇಕು. ಗುತ್ತಿಗೆದಾರನ ಹೆಸರು ಅಪ್ಪನಿಗೆ ನೆನಪಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ.

ಜೊತೆಗಾರರ ಹೇಳಿಕೆಗೂ ಈಗಲೇ ಕೈಹಾಕಿ. ಅಪ್ಪನ ಜೊತೆ ನಿಂತು ಕೆಲಸ ಮಾಡಿದ ಇಬ್ಬರು ಮೂವರು ಸಾಕು. ಅವರೂ ಅದೇ ಕಾರ್ಖಾನೆಯವರು ಅನ್ನೋಕೆ ಅವರ ಪಿಎಫ್ ಚೀಟಿಯ ನಕಲು ಜೊತೆಗಿರಲಿ. ಅಫಿಡವಿಟ್ ಅವರವರ ಮಾತಿನಲ್ಲೇ ಇರಬೇಕು. ಒಂದೇ ಟೈಪಿಸ್ಟ್ ಹೆಸರು ಮಾತ್ರ ಬದಲಿಸಿ ಹೊಡೆದ ಮೂರು ಅಫಿಡವಿಟ್ ಕೊಟ್ಟರೆ ಯಾರೂ ನಂಬೋದಿಲ್ಲ. ಅವರು ಬಂದು ಪಾಟೀಸವಾಲಿಗೆ ಉತ್ತರ ಕೊಡಬೇಕಾಗುತ್ತೆ ಅಂತ ಮೊದಲೇ ಹೇಳಿ. ಹಾಸಿಗೆ ಹಿಡಿದವರಿದ್ದರೆ ಮನೆಗೇ ಕೋರ್ಟ್ ಕಮಿಷನರ್ ಕಳಿಸಿ ಸಾಕ್ಷ್ಯ ಬರೆಸಿಕೊಳ್ಳಿ ಅಂತ ಕೋರ್ಟಿಗೆ ಅರ್ಜಿ ಕೊಡಬಹುದು. ಅಪ್ಪನ ವಿಷಯದಲ್ಲೂ ಅಗತ್ಯ ಬಿದ್ದರೆ ಹಾಗೇ ಮಾಡಿ.

ಫೋನಿನಲ್ಲಿ ವಿಡಿಯೋ ಮಾಡಿದರೆ ಆ ಫೋನ್ ಮತ್ತು ಮೂಲ ಫೈಲ್ ಕಾಪಾಡಿ. ವಾಟ್ಸಾಪಿನಲ್ಲಿ ಕಳಿಸಿ ಮೂಲ ಅಳಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದಕ್ಕೊಂದು ಪ್ರಮಾಣಪತ್ರ ಬೇಕಾಗುತ್ತೆ, ವಕೀಲರು ಮಾಡಿಕೊಡುತ್ತಾರೆ.

ಹೇಮಾವತಿ ದಂಡೆ

ನಮ್ಮದು ಹೊಳೆನರಸೀಪುರ ಕಡೆ. ಇಲ್ಲಿ ಹಿಂದೆ ಕಲ್ನಾರು ಗಣಿಯೇ ಇತ್ತು. ಗಣಿಯಲ್ಲಿ ದುಡಿದವರ ಮನೆಯವರು ಇದನ್ನು ಓದುತ್ತಿದ್ದರೆ ಏನು ಮಾಡಬೇಕು? ಇನ್ನೊಂದು ಪ್ರಶ್ನೆ. ನನ್ನ ಅತ್ತೆ ಯಾವ ಕೆಲಸಕ್ಕೂ ಹೋದವರಲ್ಲ. ಮಾವ ಬೇರೆ ಊರಿನ ಪೈಪ್ ಕಾರ್ಖಾನೆಯಿಂದ ಬಂದ ಬಟ್ಟೆಯನ್ನು ಹಿತ್ತಲಲ್ಲಿ ಕೊಡವಿ ಒಗೆಯುತ್ತಿದ್ದರು. ಈಗ ಅವರಿಗೂ ಎದೆಯಲ್ಲಿ ನೀರು ತುಂಬಿ ತೆಗೆಸಿದ್ದಾರೆ. ಅವರಿಗೆ ಏನಾದರೂ ಸಿಗುತ್ತಾ?

ಉಸಿರು

ಅಕ್ಕ, ಅತ್ತೆಯ ಎದೆಯ ನೀರಿನ ಪರೀಕ್ಷೆ, ಬಯಾಪ್ಸಿ ಆಗಿದೆಯಾ? ಆಗಿದ್ದರೆ ವರದಿಯ ಜೊತೆ ಪ್ಯಾರಾಫಿನ್ ಬ್ಲಾಕ್ ಎಲ್ಲಿದೆ ಅಂತ ಕೇಳಿ. ಅಂಗಾಂಶವನ್ನು ಮೇಣದಲ್ಲಿ ಕೂರಿಸಿದ ಸಣ್ಣ ತುಂಡು ಅದು. ಮೆಸೊಥೆಲಿಯೋಮಾನಾ ಬೇರೆ ಕ್ಯಾನ್ಸರಾ ಅಂತ ತಿಳಿಯೋಕೆ ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ1 ಥರದ ಬಣ್ಣದ ಪರೀಕ್ಷೆಗಳನ್ನು ಅದರ ಮೇಲೇ ಮಾಡೋದು. ಬ್ಲಾಕ್ ಕಳೆದರೆ ಸಾಕ್ಷಿ ಹೋದ ಹಾಗೆ. ಬಟ್ಟೆ ಒಗೆದ ಹೆಂಗಸರಿಗೆ ಮೆಸೊಥೆಲಿಯೋಮಾ ಬಂದದ್ದು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿದೆ. ಆದ್ದರಿಂದ ಆ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಎದೆಯ ನೀರಿಗೆ ಬೇರೆ ಕಾರಣಗಳೂ ಬಹಳ ಇವೆ, ಪರೀಕ್ಷೆ ಮುಗಿಯುವ ಮುಂಚೆ ಹೆದರಬೇಡಿ.

ಲಾಯರ್ ಅಕ್ಕ

ಅತ್ತೆಯವರಿಗೆ ನೌಕರರ ಕಾಯ್ದೆಗಳು ಅನ್ವಯಿಸೋದಿಲ್ಲ. ನಿರ್ಲಕ್ಷ್ಯದ ಆಧಾರದ ಮೇಲೆ ಸಿವಿಲ್ ದಾವೆ ಹಾಕಬೇಕಾಗುತ್ತೆ, ಅದು ಉದ್ದದ ದಾರಿ. ಆದರೆ ಅವರ ಹೇಳಿಕೆಯನ್ನು ಬರೆಸಿಡಿ. ಮಾವನ ಬಟ್ಟೆ ಎಷ್ಟು ಧೂಳಾಗಿರುತ್ತಿತ್ತು ಅನ್ನೋಕೆ ಅವರಿಗಿಂತ ಹತ್ತಿರದ ಸಾಕ್ಷಿ ಯಾರಿದ್ದಾರೆ? ತೆಂಗಿನತೋಟದ ತಂಗಿಯೂ ಅಮ್ಮನ ಹೇಳಿಕೆ ತೆಗೆದುಕೊಳ್ಳಲಿ. ಅಮ್ಮನಿಗೂ ಒಂದು ಎಕ್ಸ್‌ರೇ ಮಾಡಿಸಿ.

ಆಗ ಗಣಿಯವರಿಗೆ ಕಾರ್ಖಾನೆ ಕಾಯ್ದೆ ಬರುತ್ತಿರಲಿಲ್ಲ, 1952ರ ಗಣಿ ಕಾಯ್ದೆ ಬರುತ್ತಿತ್ತು. ಕಾರ್ಮಿಕರ ಆರೋಗ್ಯ ತಪಾಸಣೆಯ ವರದಿ ಅಲ್ಲಿ "ಫಾರಂ ಓ". ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ.

ಪೀಣ್ಯ ಕಿರಣ್

ನಮ್ಮ ಮನೆ ಮೇಲೆ ಇಪ್ಪತ್ತು ವರ್ಷದಿಂದ ಸಿಮೆಂಟ್ ಶೀಟ್ ಇದೆ. ನಾವೂ ಕೇಸ್ ಹಾಕಬಹುದಾ? ಒಂದು ತುಂಡು ಮುರಿದು ಲ್ಯಾಬಿಗೆ ಕೊಡಲಾ?

ಉಸಿರು

ಮುರಿಯಬೇಡಿ. ಗಟ್ಟಿಯಾಗಿರುವ ಶೀಟ್‌ನಲ್ಲಿ ನಾರು ಸಿಮೆಂಟಿನೊಳಗೆ ಹಿಡಿದಿರುತ್ತೆ. ಕೊಯ್ದಾಗ, ತೂತು ಹಾಕಿದಾಗ, ಒಡೆದಾಗ ಧೂಳು ಏಳುತ್ತೆ. ತೆಗೆಸಬೇಕಾದರೆ ನೀರು ಹಾಕಿ ಒದ್ದೆ ಮಾಡಿ, ಇಡಿಯಾಗಿ ಇಳಿಸಿ. ಕಾಯಿಲೆ ಇಲ್ಲದೆ ಪರಿಹಾರದ ಪ್ರಶ್ನೆ ಬರೋದಿಲ್ಲ.

ತೆಂಗಿನತೋಟ

ಒಂದು ವಾರದಲ್ಲಿ ಆದದ್ದು ಹೇಳ್ತೀನಿ. ಆ ವ್ಯಕ್ತಿಗೆ ಬೇಡ ಅಂದೆವು. ತುಮಕೂರಿನ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟಿದ್ದೇವೆ, ವಕೀಲರನ್ನು ನೇಮಿಸ್ತೀವಿ ಅಂದಿದ್ದಾರೆ. ಅಪ್ಪ ಶೆಡ್ಡಿನ ನಕ್ಷೆ ಬರೆದರು. ಬರೆಯುತ್ತಾ ಎಷ್ಟೊಂದು ಹೆಸರು ನೆನಪಿಸಿಕೊಂಡರು! ಗಿರಣಿಯಲ್ಲಿ ಜೊತೆಗಿದ್ದ ಒಬ್ಬರು ತುರುವೇಕೆರೆಯಲ್ಲಿದ್ದಾರೆ, ಅವರಿಗೂ ಇದೇ ಕೆಮ್ಮು. ಇನ್ನೊಬ್ಬರು ಹೋದ ವರ್ಷ ತೀರಿಕೊಂಡರಂತೆ. ಅವರ ಹೆಂಡತಿ ಫೋನಿನಲ್ಲಿ ಅತ್ತರು. ಅವರಿಗೂ ಈ ದಾರಿ ಹೇಳಬಹುದಾ?

ಇನ್ನೊಂದು ತೊಂದರೆ. ಇಎಸ್‌ಐ ಕಾರ್ಡಿನಲ್ಲಿ ಅಪ್ಪನ ಹೆಸರು "ರಂಗಯ್ಯ", ಆಧಾರ್‌ನಲ್ಲಿ "ರಂಗಸ್ವಾಮಿ". ಹುಟ್ಟಿದ ವರ್ಷವೂ ಎರಡು ವರ್ಷ ವ್ಯತ್ಯಾಸ.

ಹಳೇ ಗುಮಾಸ್ತ

ಹೆಸರಿನ ವ್ಯತ್ಯಾಸಕ್ಕೆ ಹೆದರಬೇಡಿ, ನಮ್ಮ ಕಾಲದ ಅರ್ಧ ಕಾರ್ಮಿಕರದ್ದು ಹೀಗೇ. ಗೇಟಲ್ಲಿ ಕೇಳಿದ ಹೆಸರು ನಾವು ಬರೆಯುತ್ತಿದ್ದೆವು. ಎರಡೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ತಂದೆಯ ಹೆಸರು, ಊರು, ಹೆಂಡತಿಯ ಹೆಸರು, ಹಳೇ ಕಾರ್ಡಿನ ಫೋಟೋ ಹೊಂದುತ್ತಿದ್ದರೆ ಅದನ್ನು ತೋರಿಸಿ. ಈಗ ಆಧಾರ್ ತಿದ್ದಿಸಬೇಡಿ, ದಾವೆಗೆ ಮುಂಚೆ ತಿದ್ದಿಸಿದರೆ ಅನುಮಾನಕ್ಕೆ ಜಾಗ ಕೊಟ್ಟ ಹಾಗೆ. ಹುಟ್ಟಿದ ವರ್ಷದ ವಿಷಯ ವಕೀಲರಿಗೆ ಮೊದಲೇ ಹೇಳಿ. ಪರಿಹಾರದ ಲೆಕ್ಕದಲ್ಲಿ ವಯಸ್ಸು ಬರುತ್ತೆ.

ಲಾಯರ್ ಅಕ್ಕ

ತೀರಿಕೊಂಡವರ ಹೆಂಡತಿಗೆ ಖಂಡಿತ ಹೇಳಿ. ಅವಲಂಬಿತರೂ ಕೇಳಬಹುದು, ಸಾವಿನ ದಿನದಿಂದ ಎರಡು ವರ್ಷದ ಗಡುವು ಇದೆ, ಆದ್ದರಿಂದ ಅವರದ್ದು ನಿಮಗಿಂತ ಅವಸರ. ಇಎಸ್‌ಐ ಇದ್ದರೆ ಅವಲಂಬಿತರ ಸೌಲಭ್ಯ ಬೇರೆ ಇದೆ. ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ, ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅದು "ಫಾರಂ 4", ತೆಗೆಸಿ ನೋಡಲಿ. ಬರೀ "ಹೃದಯ, ಉಸಿರಾಟ ನಿಂತಿತು" ಅಂತ ಬರೆದಿದ್ದರೆ ಅದು ಕಾರಣವೇ ಅಲ್ಲ, ಎಲ್ಲಾ ಸಾವಿನಲ್ಲೂ ಅದು ಆಗುತ್ತೆ. ಹಳೇ ಸಿಟಿ, ಎಕ್ಸ್‌ರೇ ಇದ್ದರೆ ಅದನ್ನೇ ಆಧಾರ ಮಾಡಿಕೊಂಡು ಎದೆರೋಗ ತಜ್ಞರ ಅಭಿಪ್ರಾಯ ಪಡೆಯಬಹುದು.

ತೆಂಗಿನತೋಟ

ಹೇಳ್ತೀನಿ ಅಕ್ಕ, ನಾಳೆಯೇ ಅವರ ಊರಿಗೆ ಹೋಗ್ತೀನಿ. ಕಾರ್ಖಾನೆಗಳ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ. ಎರಡು ಪುಟ ಆಗಿದೆ. ಅಪ್ಪನ ಆರೋಗ್ಯ ತಪಾಸಣೆ ದಾಖಲೆ, ಧೂಳಿನ ಅಳತೆ ವರದಿಗಳು, ತಪಾಸಣೆ ಮಾಡಿದ ಇನ್‌ಸ್ಪೆಕ್ಟರ್ ಟಿಪ್ಪಣಿ, ಗುತ್ತಿಗೆದಾರರ ಪಟ್ಟಿ ಎಲ್ಲಾ ಕೇಳಿದ್ದೇನೆ. ಹೀಗೆ ಕಳಿಸಲಾ?

ಹಳೇ ಗುಮಾಸ್ತ

ಹೀಗೆ ಕಳಿಸಿದರೆ ವಾಪಸ್ ಬರುತ್ತೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಒಡೆದು ಬೇರೆ ಬೇರೆ ಅರ್ಜಿ ಮಾಡಿ. ಪ್ರತಿಯೊಂದಕ್ಕೂ 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಅದರ ನಕಲು ಹಾಕಿ, ಶುಲ್ಕ ಬೇಡ.

ಮೊದಲ ಅರ್ಜಿ: ಇಂಥ ಕಾರ್ಖಾನೆಯಲ್ಲಿ 1986ರಿಂದ 2012ರವರೆಗೆ ಇಲಾಖೆ ಮಾಡಿದ ತಪಾಸಣೆಗಳ ವರದಿ, ಕೊಟ್ಟ ನೋಟಿಸುಗಳ ನಕಲು. ಎರಡನೇದು: ಅದೇ ಅವಧಿಯ ಗಾಳಿಯ ಧೂಳಿನ ಅಳತೆ ವರದಿಗಳು. ಮೂರನೇದು: ಅಲ್ಲಿಂದ ಇಲಾಖೆಗೆ ವರದಿಯಾದ ವೃತ್ತಿರೋಗ ಪ್ರಕರಣಗಳ ಸಂಖ್ಯೆ ಮತ್ತು ವರ್ಷ, ಹೆಸರು ಬೇಡ. ಬೇರೆಯವರ ಹೆಸರು ಕೇಳಿದರೆ ಖಾಸಗಿ ಮಾಹಿತಿ ಅಂತ ತಿರಸ್ಕರಿಸುತ್ತಾರೆ. ಗುತ್ತಿಗೆದಾರರ ವಿಷಯವನ್ನು ಕಾರ್ಮಿಕ ಇಲಾಖೆಗೆ ಬೇರೆಯಾಗಿ ಕಳಿಸಿ. "ಯಾಕೆ", "ಹೇಗೆ" ಅಂತ ಪ್ರಶ್ನೆ ಬೇಡ, ಇರುವ ದಾಖಲೆಯ ನಕಲು ಕೊಡಿ ಅಂತ ಮಾತ್ರ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಅಪ್ಪನ ಆರೋಗ್ಯ ದಾಖಲೆಯನ್ನು ಕಂಪನಿಯನ್ನೇ ಕೇಳಬೇಕು. ಖಾಸಗಿ ಕಂಪನಿಗೆ ಮಾಹಿತಿ ಹಕ್ಕು ನಡೆಯೋದಿಲ್ಲ, ಆದರೆ ಅಪ್ಪ ದುಡಿಯುತ್ತಿದ್ದಾಗ ಇದ್ದ ಕಾರ್ಖಾನೆ ಕಾಯ್ದೆಯ 41ಸಿ ಸೆಕ್ಷನ್ ಪ್ರಕಾರ ಆ ದಾಖಲೆ ಕಾರ್ಮಿಕನಿಗೆ ಸಿಗಬೇಕಿತ್ತು. ಆ ಸೆಕ್ಷನ್ ಮತ್ತು 1995ರ ತೀರ್ಪು ಎರಡನ್ನೂ ಹೆಸರಿಸಿ ಅಪ್ಪನ ಸಹಿಯಲ್ಲಿ ಪತ್ರ ಬರೆಯಿರಿ. ಹಳೇ ಟೋಕನ್ ನಂಬರ್, ಪಿಎಫ್ ನಂಬರ್, ವಿಭಾಗ ಬರೆಯೋದು ಮರೆಯಬೇಡಿ. ಸ್ಪೀಡ್ ಪೋಸ್ಟಿನಲ್ಲಿ ಕಾರ್ಖಾನೆ ವಿಳಾಸಕ್ಕೂ ಕಂಪನಿಯ ನೋಂದಾಯಿತ ಕಚೇರಿಗೂ ಕಳಿಸಿ, ತಲುಪಿದ ಪುರಾವೆ ಇಟ್ಟುಕೊಳ್ಳಿ. ಕೊಟ್ಟರೆ ಒಳ್ಳೆಯದು. "ಇಲ್ಲ" ಅಂದರೆ ಆ ಉತ್ತರವೂ ನಿಮ್ಮ ಕಡತಕ್ಕೆ ಸೇರುತ್ತೆ. ಉತ್ತರವನ್ನೇ ಕೊಡದಿದ್ದರೆ ದಾಖಲೆ ಹಾಜರುಪಡಿಸಿ ಅಂತ ವಕೀಲರು ಅರ್ಜಿ ಹಾಕುವಾಗ ಈ ಪತ್ರವೇ ಆಧಾರ.

ಯೂನಿಯನ್ ಬಸಣ್ಣ

ಟೋಕನ್ ನಂಬರ್ ನೆನಪಿಲ್ಲದಿದ್ದರೆ ತುರುವೇಕೆರೆಯವರನ್ನು ಕೇಳಿ, ಒಟ್ಟಿಗೆ ಕಾಯಂ ಆದವರದ್ದು ಹಿಂದೆಮುಂದೆ ಇರುತ್ತೆ. ಅವರಿಗೂ ಅದೇ ಪತ್ರವನ್ನು ಅವರ ಹೆಸರಿನಲ್ಲಿ ಬರೆದುಕೊಡಿ ತಂಗಿ. ಇಬ್ಬರದ್ದೂ ಒಂದೇ ದಿನ ಪೋಸ್ಟ್ ಮಾಡಿ.